ಗುಂಡಿ ಅಂಗಡಿಗೆ ಹೋಗುವ ದಾರಿ

ನನ್ನ ಮೊಣಕಾಲಿನ ವಿಷಯವನ್ನು ನನ್ನನ್ನು ಕೇಳದೆ ಊರಿಗೆಲ್ಲ ಹಂಚುವ ಅಧಿಕಾರ ಯಾರಿಗೂ ಇಲ್ಲ, ಹೆಂಡತಿಗೂ ಇಲ್ಲ. ಆದರೆ ಆ ಸಂಜೆ ನನ್ನವಳು ಫೋನಿನಲ್ಲಿ ಮಾಡುತ್ತಿದ್ದದ್ದು ಅದನ್ನೇ. ನಾನು ಮಂಚದ ಮೇಲೆ ಕಾಲು ಚಾಚಿ ಕಣ್ಣು ಮುಚ್ಚಿಕೊಂಡಿದ್ದೆ. ನಿದ್ದೆ ಹತ್ತಿದೆ ಎಂದುಕೊಂಡು ಅವಳು ಅಡುಗೆಮನೆಯಲ್ಲಿ ಮೆಲ್ಲಗೆ ಮಾತಾಡುತ್ತಿದ್ದಳು. ಆದರೆ ನನ್ನದು ಜೀವಮಾನವಿಡೀ ಬಸ್ಸು ಓಡಿಸಿದವನ ಕಿವಿ. ಎಂಜಿನ್ ಸದ್ದಿನ ಮಧ್ಯೆಯೂ ಹಿಂದಿನ ಸೀಟಿನಲ್ಲಿ ಯಾರು ಯಾರನ್ನು ಬೈಯುತ್ತಿದ್ದಾರೆ ಎಂದು ಹೇಳಬಲ್ಲ ಕಿವಿ.

“ಇಲ್ಲ ದೊಡ್ಡಮ್ಮ, ಆಗಲ್ಲ. ಇವರ ಕಾಲು ಹೀಗಿದೆಯಲ್ಲ. ಒಬ್ಬರನ್ನೇ ಬಿಟ್ಟು ಬೆಳಿಗ್ಗೆಯಿಂದ ಸಂಜೆವರೆಗೆ ಅಂಗಡೀಲಿ ಹೇಗೆ ಕೂರಲಿ? ನೀವು ಆ ಹೋಲ್‌ಸೇಲ್‌ನವರಿಗೇ ಹೇಳಿಬಿಡಿ.”

ದೊಡ್ಡಮ್ಮ ಎಂದರೆ ನಮಗೆ ಸಂಬಂಧಿಯೇನಲ್ಲ. ಕೋಟೆಯೊಳಗಿನ ಹಳೇ ಊರಿನಲ್ಲಿ ಗುಂಡಿ ಅಂಗಡಿ ಇಟ್ಟುಕೊಂಡಿರುವ ವಯಸ್ಸಾದ ಹೆಂಗಸು. ಅಂಗಿಯ ಗುಂಡಿ, ಕೋಟಿನ ಗುಂಡಿ, ಹುಕ್ಕು, ಜಿಪ್ಪು, ದಾರ, ಲೇಸು, ಇಷ್ಟೇ ಅಲ್ಲಿಯ ವ್ಯಾಪಾರ. ನನ್ನವಳು ಅಲ್ಲಿ ಕೆಲಸಕ್ಕೆ ಸೇರಿದಾಗ ನಮ್ಮ ಮಗಳು ಶಾಲೆಗೆ ಹೋಗುತ್ತಿದ್ದಳು. ಈಗ ಆ ಮಗಳ ಮಗಳು ಶಾಲೆಗೆ ಹೋಗುತ್ತಾಳೆ. ದೊಡ್ಡಮ್ಮನಿಗೆ ಕಣ್ಣು ಮಂಜಾಗಿ, ಕಪ್ಪು ಗುಂಡಿ ಯಾವುದು, ಕಡು ನೀಲಿ ಯಾವುದು ಎಂದು ತಿಳಿಯದಂತಾದ ಮೇಲೆ, ಅಂಗಡಿ ನೀನೇ ತಗೋ ಎಂದು ನನ್ನವಳಿಗೆ ಹೇಳಿದ್ದರು. ಕೊಡುವ ತೆಗೆದುಕೊಳ್ಳುವ ಮಾತೆಲ್ಲ ಸಲೀಸಾಗಿ ಮುಗಿದಿತ್ತು. ಅವಳು ಹೂಂ ಅನ್ನುವುದೊಂದೇ ಬಾಕಿ. ಬೇಡ ಅಂದರೆ ಮಾರನೆಯ ಮಧ್ಯಾಹ್ನ ಹೋಲ್‌ಸೇಲಿನವನು ಬಂದು ಗುಂಡಿಗಳನ್ನೆಲ್ಲ ಚೀಲಕ್ಕೆ ಸುರಿದು, ತೂಕ ಹಾಕಿಕೊಂಡು ಹೋಗುತ್ತಾನೆ. ಅಲ್ಲಿಗೆ ಅಂಗಡಿಯ ಕಥೆ ಮುಗಿಯಿತು.

ಫೋನಿಟ್ಟ ಮೇಲೆ ಅವಳು ತೊಳೆದಿಟ್ಟಿದ್ದ ಪಾತ್ರೆಯನ್ನೇ ತೆಗೆದು ಮತ್ತೆ ತೊಳೆದಳು. ಅವಳಿಗೆ ಅಳು ಬಂದಾಗ ಮನೆಯ ಪಾತ್ರೆಗಳು ಬಹಳ ಸ್ವಚ್ಛವಾಗುತ್ತವೆ.

“ಯಾರದು ಫೋನು?” ಎಂದೆ, ಆಗತಾನೇ ಎದ್ದವನ ಹಾಗೆ.

“ದೊಡ್ಡಮ್ಮಂದು. ನಾಳೆ ಬಂದು ಗುಂಡಿ ವಿಂಗಡಿಸಿಕೊಡು ಅಂದ್ರು.”

“ಅಂಗಡಿ ವಿಷಯ ಏನಾಯ್ತು?”

“ಏನಾಗೋದು? ಬೇಡ ಅಂದೆ. ನೀವು ಮೊದ್ಲು ಹುಷಾರಾಗಿ.”

ನನಗೆ ಪಿತ್ತ ನೆತ್ತಿಗೇರಿತು. ಅವಳು ಅಂಗಡಿ ಬಿಡುವುದಕ್ಕೆ ನನ್ನ ಕಾಲು ಕಾರಣವಂತೆ. ಇನ್ನು ಮುಂದೆ ಅವಳು ಕಿಟಕಿಯ ಹತ್ತಿರ ಸುಮ್ಮನೆ ಕೂತಾಗಲೆಲ್ಲ ಈ ಕಾಲನ್ನು ನಾನು ಎಲ್ಲಿ ಬಚ್ಚಿಟ್ಟುಕೊಳ್ಳಲಿ? ಸಿಟ್ಟಿನ ಕೆಳಗೆ ಹೆದರಿಕೆಯೂ ಇತ್ತು, ಅದನ್ನೂ ಹೇಳಿಬಿಡುತ್ತೇನೆ. ಒಬ್ಬರಿಗೋಸ್ಕರ ಇನ್ನೊಬ್ಬರು ಏನನ್ನಾದರೂ ಬಿಟ್ಟುಕೊಟ್ಟ ಮನೆಗಳನ್ನು ನಾನು ಕಂಡಿದ್ದೇನೆ. ಅಲ್ಲಿ ಯಾರೂ ಜಗಳ ಆಡುವುದಿಲ್ಲ, ಯಾರೂ ನಗುವುದೂ ಇಲ್ಲ.

ಡಾಕ್ಟರು ಕಾಲಿನ ಆಪರೇಷನ್ ಮಾಡಿ ಕಳಿಸುವಾಗಲೇ ದಿನಾ ನಡೀರಿ ಎಂದಿದ್ದರು. ನಾನು ನಡೆಯಲಿಲ್ಲ. ಎಲ್ಲಿಗೂ ಹೋಗುವುದಿಲ್ಲದೆ ಬರೀ ನಡೆಯುವುದೆಂದರೆ ಡಿಪೋದಲ್ಲಿ ನಿಂತ ಬಸ್ಸಿನ ಎಂಜಿನ್ ಉರಿಸಿದ ಹಾಗೆ, ಡೀಸೆಲ್ ದಂಡ. ಈಗ ಹೋಗುವುದಕ್ಕೆ ಒಂದು ಜಾಗ ಸಿಕ್ಕಿತ್ತು. ಗುಂಡಿ ಅಂಗಡಿಗೆ ನನ್ನ ಕಾಲ ಮೇಲೆ ನಾನೇ ನಡೆದುಕೊಂಡು ಹೋಗಿ, ದೊಡ್ಡಮ್ಮನ ಎದುರಿಗೆ ನಿಂತು, ಈ ಕಾಲಿಗೂ ನಿಮ್ಮ ಅಂಗಡಿಗೂ ಏನೂ ಸಂಬಂಧ ಇಲ್ಲ ಎಂದು ಹೇಳಬೇಕು. ಅದೂ ಹೋಲ್‌ಸೇಲಿನವನು ಬರುವುದಕ್ಕೆ ಮುಂಚೆ.

ಮಾರನೆಯ ಬೆಳಿಗ್ಗೆ ಅವಳು ಹೋದ ಮೇಲೆ ಶೂ ಹಾಕಿಕೊಂಡೆ. ಮೊಣಕಾಲು ಮಡಚಲಾಗದವನಿಗೆ ಲೇಸು ಕಟ್ಟುವುದು ಸಣ್ಣ ಕೆಲಸವಲ್ಲ. ಬಗ್ಗಿ, ತಿರುಗಿ, ಕುರ್ಚಿಯ ಮೇಲೆ ಮಲಗಿ, ಮೈಯಲ್ಲಿ ಬೆವರು ಕಿತ್ತುಕೊಂಡಿತು. ಆಮೇಲೆ ಬಟ್ಟೆಯ ಚೀಲವೊಂದನ್ನು ಹೆಗಲಿಗೆ ಹಾಕಿ, ಕೋಲು ಹಿಡಿದು ಬಸ್ ಹತ್ತಿದೆ. ನನ್ನದೇ ಹಳೇ ರೂಟು. ನನ್ನ ಸೀಟಿನಲ್ಲಿ ಈಗ ಕೂರುವ ಹುಡುಗ ಕನ್ನಡಿಯಲ್ಲಿ ನೋಡಿ, “ಏನ್ ಸಾರ್, ನೀವೂ ಪ್ಯಾಸೆಂಜರ್ ಆಗಿಬಿಟ್ರಾ?” ಎಂದ.

“ಮುಂದೆ ನೋಡಿ ಓಡಿಸಪ್ಪ,” ಎಂದೆ.

ಈ ರೂಟು ಕೋಟೆಯ ಸುತ್ತ ಹೋಗುತ್ತದೆ, ಒಳಗೆ ಹೋಗುವುದಿಲ್ಲ. ಕೋಟೆಯ ಬಾಗಿಲಿನ ಕಮಾನು ಬಸ್ಸಿಗೆ ತಗ್ಗು. ಇಷ್ಟು ವರ್ಷ ನಾನು ಆ ಗೋಡೆಗೆ ಸುತ್ತು ಹಾಕಿದ್ದೇ ಹಾಕಿದ್ದು. ಗೋಡೆಯ ಯಾವ ಕಲ್ಲಿನ ಸಂದಿಯಲ್ಲಿ ಗಿಡ ಹುಟ್ಟಿದೆ ಎನ್ನುವುದು ಬಾಯಿಪಾಠ. ಒಳಗೆ ಏನಿದೆ ಎಂದು ಮಾತ್ರ ಗೊತ್ತಿಲ್ಲ. ಸಂಜೆ ಬಾಗಿಲ ಸ್ಟಾಪಿನಲ್ಲಿ ಅವಳು ಬ್ಯಾಗು ತಬ್ಬಿಕೊಂಡು ನಿಂತಿರುತ್ತಿದ್ದಳು, ನಾನು ಬ್ರೇಕು ಹಾಕುತ್ತಿದ್ದೆ, ಅವಳು ಹತ್ತುತ್ತಿದ್ದಳು. ರಜೆ ಸಿಕ್ಕಿದ ದಿನ ನಾನು ಮಲಗುತ್ತಿದ್ದೆ. ಡ್ರೈವರಿಗೆ ರಜೆ ಇರುವುದೇ ಅದಕ್ಕೆ.

ಬಾಗಿಲ ಸ್ಟಾಪಿನಲ್ಲಿ ಇಳಿದು ಕಮಾನಿನ ಕೆಳಗೆ ಕಾಲಿಟ್ಟೆ. ಹೊರಗಿನ ಸದ್ದು ಯಾರೋ ಸ್ವಿಚ್ ಆರಿಸಿದ ಹಾಗೆ ನಿಂತಿತು. ಎದುರಿಗೆ ಕಲ್ಲು ಹಾಸಿದ ಬೀದಿ, ಸಣ್ಣಗೆ ಏರುತ್ತಾ, ಬಾಗುತ್ತಾ ಹೋಗಿತ್ತು. ಬೀದಿಯ ತಲೆಯಲ್ಲಿ ಬಾವಿ ಚೌಕ, ಗುಂಡಿ ಅಂಗಡಿ ಇರುವುದು ಆ ಚೌಕದಲ್ಲಿ ಎಂದು ಅವಳ ಬಾಯಿಂದ ಕೇಳಿದ್ದೆ. ಕಲ್ಲಿನಲ್ಲಿ ಹಿಂದಿನ ಕಾಲದ ಗಾಡಿ ಚಕ್ರಗಳು ಕೊರೆದ ಎರಡು ಗೀರು. ಎರಡೂ ಕಡೆಯ ಮನೆಗಳ ಮಹಡಿಗಳು ಎಷ್ಟು ಹತ್ತಿರ ಬಂದಿದ್ದವೆಂದರೆ, ಇತ್ತಲಿನವರು ಅತ್ತಲಿನವರ ಕೈಗೆ ಸಕ್ಕರೆ ಡಬ್ಬಿ ಕೊಡಬಹುದು. ಕೆಳಗೆಲ್ಲ ಅಂಗಡಿಗಳು. ಅಂಗಡಿ ಎಂದರೆ ಗಾಜಿನ ಬಾಗಿಲು ತಾನಾಗಿ ತೆರೆದುಕೊಳ್ಳುವ ಅಂಗಡಿಗಳಲ್ಲ. ಒಂದು ಬಾಗಿಲು, ಒಂದು ಮೇಜು, ಒಬ್ಬ ಮನುಷ್ಯ.

ಮೊದಲನೆಯದು ಬೀಗದ ಅಂಗಡಿ. ಅಲ್ಲಿಗೆ ಮುಟ್ಟುವಷ್ಟರಲ್ಲೇ ಮೊಣಕಾಲು ಕಿರಿಕಿರಿ ಶುರು ಮಾಡಿತು. ಒಳಗೆ ಕುರ್ಚಿ ಕಾಣಿಸಿತು, ನುಗ್ಗಿ ಕೂತೆ. ಬೀಗದವನು ದಪ್ಪ ಮೀಸೆಯ ಗಂಟು ಮೋರೆಯವನು, ಕೀಲಿಯೊಂದನ್ನು ಅರದಿಂದ ಉಜ್ಜುತ್ತಿದ್ದ. ಗೋಡೆ ತುಂಬ ಕೀಲಿಗಳು, ಬೆರಳಷ್ಟರಿಂದ ಮೊಳದುದ್ದದವರೆಗೆ.

“ಸ್ವಲ್ಪ ಕೂತಿರ್ತೀನಿ ಕಣಪ್ಪ. ಕಾಲು ನೋವು.”

ಅವನು ನನ್ನ ಕೋಲು ನೋಡಿದ, ಕಾಲು ನೋಡಿದ. “ಬಸ್ಸಿನವರಾ? ಗುಂಡಿ ಅಂಗಡಿ ಅಕ್ಕನ ಯಜಮಾನ್ರಾ?”

“ಹೌದು.”

ಗಂಟು ಬಿಚ್ಚಿಕೊಂಡಿತು. “ಅಯ್ಯೋ ಭಾವ, ಮೊದ್ಲೇ ಹೇಳಬಾರದಾ? ಸರಿಯಾಗಿ ಕೂತ್ಕೊಳ್ಳಿ.”

ನನಗೆ ಹೆಂಡತಿಯ ಕಡೆಯಿಂದ ಸಿಕ್ಕಿದ ಭಾವಮೈದ ಒಬ್ಬನೇ ಒಬ್ಬ. ಅವನೊಬ್ಬನೇ ಬೇಕಾದಷ್ಟಾಯಿತು ಎಂದು ನಾನು ಬಹಳ ಸಲ ಅಂದುಕೊಂಡದ್ದುಂಟು. ಈಗ ಇನ್ನೊಬ್ಬ ಹುಟ್ಟಿಕೊಂಡ. ಈ ಕೋಣೆ ಹಿಂದೆ ಕಾವಲುಗಾರರದಾಗಿತ್ತಂತೆ. ರಾತ್ರಿ ಕೋಟೆಯ ಬಾಗಿಲು ಹಾಕಿ ಕೀಲಿಯನ್ನು ಇಲ್ಲಿ ಮೊಳೆಗೆ ತಗುಲಿಸುತ್ತಿದ್ದರಂತೆ. ಆ ಮೊಳೆಯನ್ನೂ ತೋರಿಸಿದ. ಈಗ ಅದರಲ್ಲಿ ಅವನ ಟವೆಲು ನೇತಾಡುತ್ತಿತ್ತು.

ಏಳುವಾಗ ನನಗೆ ಇರುಸುಮುರುಸಾಯಿತು. ಒಂದು ಸೀಟಿನಲ್ಲಿ ಕೂತು ಬಂದ ಮೇಲೆ ಟಿಕೆಟ್ ತೆಗೆದುಕೊಳ್ಳದೆ ಇಳಿಯುವುದು ನಮ್ಮ ಜಾತಕದಲ್ಲೇ ಇಲ್ಲ. ಬೇರೇನೂ ತೋಚದೆ ಒಂದು ಕೀ ಬಂಚಿನ ಬಳೆ ಕೊಡಪ್ಪ ಎಂದೆ.

ಅವನ ಅರ ನಿಂತಿತು. ನನ್ನನ್ನೇ ಒಂದು ಗಳಿಗೆ ನೋಡಿದ. ಆಮೇಲೆ ಎದ್ದು ನಿಂತು, ಕೈ ಒರೆಸಿಕೊಂಡು, ಪೆಟ್ಟಿಗೆಯಲ್ಲಿದ್ದ ಬಳೆಗಳಲ್ಲಿ ಒಳ್ಳೆಯದೊಂದನ್ನು ಆರಿಸಿ, ಎರಡೂ ಕೈಯಲ್ಲಿ ಕೊಟ್ಟ. “ಬಹಳ ಸಂತೋಷ ಭಾವ,” ಎಂದ. ಒಂದು ಬಳೆ ಮಾರಿದ್ದಕ್ಕೆ ಇಷ್ಟು ಸಂತೋಷವೇ, ಪಾಪ ವ್ಯಾಪಾರ ಇಲ್ಲವೇನೋ ಎಂದುಕೊಂಡೆ.

ಪಕ್ಕದ್ದು ಬ್ರಷ್ ಅಂಗಡಿ. ಇಬ್ಬರು ಅಕ್ಕತಂಗಿಯರು ನಡೆಸುತ್ತಾರೆ. ಕಾಲು ಆಗತಾನೇ ಸುಧಾರಿಸಿಕೊಂಡಿತ್ತು, ಕೂರಬೇಕೆಂದೇನೂ ಇರಲಿಲ್ಲ. ಆದರೂ ನಿಂತೆ. ಒಂದು ಸ್ಟಾಪಿನಲ್ಲಿ ನಿಲ್ಲಿಸಿ ಇನ್ನೊಂದನ್ನು ಬಿಟ್ಟು ಓಡಿಸುವ ಡ್ರೈವರು ನಾನಲ್ಲ. ಯಾರೂ ಕೈ ಅಡ್ಡ ಹಿಡಿಯದಿದ್ದರೂ ನಿಲ್ಲಿಸುತ್ತಿದ್ದೆ. ಕಂಡಕ್ಟರುಗಳು ನನ್ನ ಹಿಂದೆ ಏನೇನು ಅಂದುಕೊಳ್ಳುತ್ತಿದ್ದರೋ ಗೊತ್ತಿಲ್ಲ. ಸಾಲಿನಲ್ಲಿರುವ ಅಂಗಡಿಯವರೂ ನೋಡುತ್ತಿರುತ್ತಾರೆ, ಬೀಗದವನ ಹತ್ತಿರ ಕೂತವನು ನಮ್ಮ ಹತ್ತಿರ ಯಾಕೆ ಕೂರಲಿಲ್ಲ ಎಂದು ಅವರಿಗೆ ಅನ್ನಿಸಬಾರದು.

ಒಳಗೆ ಹೋದರೆ ಆಗಲೇ ಕುರ್ಚಿ ಸಿದ್ಧವಾಗಿತ್ತು. ಬೀಗದವನು ಗೋಡೆ ತಟ್ಟಿ ಸುದ್ದಿ ಮುಟ್ಟಿಸಿದ್ದ. ಇದು ಹಿಂದೆ ಕುದುರೆ ಲಾಯವಂತೆ. ಕುದುರೆ ಕಟ್ಟುತ್ತಿದ್ದ ಕಬ್ಬಿಣದ ಬಳೆಗಳು ಗೋಡೆಯಲ್ಲಿ ಹಾಗೇ ಇವೆ, ಅವುಗಳಿಗೆ ಈಗ ಉದ್ದ ಹಿಡಿಯ ಬ್ರಷ್ಷುಗಳನ್ನು ಸಿಕ್ಕಿಸಿದ್ದಾರೆ.

“ನೀವು ಬರ್ತೀರಂತ ಅಕ್ಕ ಹೇಳಲೇ ಇಲ್ವಲ್ಲ,” ಎಂದಳು ದೊಡ್ಡವಳು.

“ಅವಳಿಗೆ ಗೊತ್ತಿಲ್ಲ.”

ಇಬ್ಬರೂ ಮುಖ ಮುಖ ನೋಡಿಕೊಂಡರು. ಚಿಕ್ಕವಳ ಕಣ್ಣು ತುಂಬಿ ಬಂತು. “ಎಷ್ಟು ಒಳ್ಳೇವರು ನೀವು,” ಎಂದಳು. ಹೆಂಡತಿಗೆ ಹೇಳದೆ ಮನೆಯಿಂದ ಹೊರಟವನನ್ನು ಯಾರಾದರೂ ಒಳ್ಳೆಯವನು ಎಂದದ್ದು ಅದೇ ಮೊದಲು. ನಾನು ಗತ್ತಿನಿಂದ ಒಂದು ಶೂ ಬ್ರಷ್ ಕೊಂಡೆ.

ಅವರಿಬ್ಬರ ಬಾಯಲ್ಲಿ ನನ್ನವಳದ್ದೇ ಮಾತು. ಹಿಂದೆ ಒಂದು ಸಲ ಇಬ್ಬರಿಗೂ ಒಟ್ಟಿಗೇ ಜ್ವರ ಬಂದಾಗ ಗುಂಡಿ ಅಂಗಡಿ ಮತ್ತು ಬ್ರಷ್ ಅಂಗಡಿ ಎರಡನ್ನೂ ಅವಳೇ ನೋಡಿಕೊಂಡಳಂತೆ. ಬೀದಿಯಲ್ಲಿ ಯಾರಿಗೆ ಜಗಳವಾದರೂ ಅವಳ ಹತ್ತಿರ ಹೋಗುತ್ತಾರಂತೆ, ಅವಳು ಗುಂಡಿ ಎಣಿಸುತ್ತಲೇ ತೀರ್ಪು ಹೇಳುತ್ತಾಳಂತೆ. ನಮ್ಮ ಮನೆಯಲ್ಲಿ ಪರದೆಯ ಬಣ್ಣ ಯಾವುದಿರಲಿ ಎಂದು ಕೇಳಿದರೆ ನಿಮ್ಮಿಷ್ಟ ಅನ್ನುವ ಹೆಂಗಸು ಇವಳೇನಾ ಎಂದು ನನಗೆ ಅನುಮಾನ ಬಂತು. ಖುಷಿಯಾಯಿತು. ಸ್ವಲ್ಪ ಹೊಟ್ಟೆಕಿಚ್ಚೂ ಆಯಿತು, ಇಷ್ಟು ಜನ ಅವಳನ್ನು ನನಗಿಂತ ಚೆನ್ನಾಗಿ ಬಲ್ಲರಲ್ಲ ಎಂದು.

ಹೀಗೇ ಮೇಲೆ ಮೇಲೆ ಹೋದೆ. ಮೇಣದಬತ್ತಿ ಅಂಗಡಿ, ಬೀಜದ ಅಂಗಡಿ, ಕೊಡೆ ರಿಪೇರಿ. ಕೊಡೆಯವನು ನನ್ನ ಕೋಲನ್ನು ಕಸಿದುಕೊಂಡು, ಸವೆದ ತುದಿ ನೋಡಿ, “ಇದನ್ನ ಹಿಡ್ಕೊಂಡು ಈ ಕಲ್ಲಿನ ಮೇಲೆ ಬಂದ್ರಾ? ಧೈರ್ಯ ಇದೆ ನಿಮಗೆ,” ಎಂದು ಬೈದು, ಹೊಸ ರಬ್ಬರ್ ಹಾಕಿಕೊಟ್ಟ. ಅದಕ್ಕೇ ದುಡ್ಡು ತಗೋ ಎಂದರೆ ಕೇಳಲಿಲ್ಲ. “ಅದು ನಿಮಗೆ, ಲೆಕ್ಕಕ್ಕಿಲ್ಲ. ಚೀಲಕ್ಕೆ ಹಾಕೋಕೆ ಬೇರೆ ತಗೊಳ್ಳಿ ಭಾವ,” ಎಂದ. ಎಂಥ ವ್ಯಾಪಾರಿ ಇವನು ಎಂದುಕೊಂಡು ಕೊಡೆಯ ಹಿಡಿಯೊಂದನ್ನು ಕೊಂಡೆ. ಕೊಡೆ ಇಲ್ಲದೆ ಬರೀ ಹಿಡಿ ಇಟ್ಟುಕೊಂಡು ಏನು ಮಾಡುವುದೋ ದೇವರಿಗೇ ಗೊತ್ತು. ಪ್ರತಿಯೊಬ್ಬರೂ ನನ್ನ ಚೀಲದೊಳಗೆ ಇಣುಕಿ ನೋಡುತ್ತಿದ್ದರು, ನೋಡಿ ತಲೆದೂಗುತ್ತಿದ್ದರು. ಹಳೇ ಊರಿನವರಿಗೆ ಕುತೂಹಲ ಜಾಸ್ತಿ ಎಂದುಕೊಂಡು ಸುಮ್ಮನಾದೆ.

ಪುಸ್ತಕಕ್ಕೆ ಬೈಂಡಿಂಗ್ ಹಾಕುವವನ ಅಂಗಡಿಯಲ್ಲಿ ಹೆಚ್ಚು ಹೊತ್ತು ಕೂತೆ. ತೆಳ್ಳಗಿನ ಮನುಷ್ಯ, ಬೆರಳಿಗೆಲ್ಲ ಅಂಟು. “ನೆಲಕ್ಕೆ ಕಾಲಿಟ್ಟು ಸುಮ್ಮನೆ ಇರಿ,” ಎಂದ. ಸುಮ್ಮನಿದ್ದೆ. ಎಲ್ಲೋ ಆಳದಲ್ಲಿ ನೀರು ಹರಿಯುವ ಸದ್ದು. ಹಳೇ ಕಾಲದ ಕಾಲುವೆಯೊಂದು ಇಡೀ ಬೀದಿಯ ಅಡಿಯಲ್ಲಿ ಈಗಲೂ ಹರಿಯುತ್ತದಂತೆ. ಅದರ ತೇವಕ್ಕೆ ಹೆದರಿ ಅವನು ಪುಸ್ತಕಗಳನ್ನೆಲ್ಲ ಮಹಡಿಯಲ್ಲಿ ಒಣಗಿಸುತ್ತಾನೆ. ಏಣಿಯ ಕಿಂಡಿಯಲ್ಲಿ ಕತ್ತೆತ್ತಿ ನೋಡಿದರೆ, ಮಹಡಿಯ ಸೂರಿನಿಂದ ಅವು ಬಾವಲಿಗಳ ಹಾಗೆ ತಲೆಕೆಳಗಾಗಿ ತೂಗುತ್ತಿದ್ದವು. ನಾನು ಗೋಡೆಯ ಸುತ್ತ ಡೀಸೆಲ್ ಹೊಗೆ ಕುಡಿಯುತ್ತಾ ತಿರುಗುತ್ತಿದ್ದಾಗ ಇಲ್ಲಿ ಹೀಗೆ ನೀರು ಹರಿಯುತ್ತಿತ್ತಲ್ಲ, ಅವಳು ದಿನಾ ಇದರ ಮೇಲೆ ನಡೆದು ಹೋಗುತ್ತಿದ್ದಳಲ್ಲ ಎನ್ನಿಸಿತು. ಬಹಳ ದಿನಗಳ ಮೇಲೆ ಮನಸ್ಸಿಗೆ ಹಾಯೆನ್ನಿಸಿತು. ಅವನಿಂದ ಪುಸ್ತಕದ ಗುರುತಿಗೆ ಹಾಕುವ ಕೆಂಪು ರಿಬ್ಬನ್ ತೆಗೆದುಕೊಂಡೆ.

“ಅಂಗಡಿ ಮುಚ್ಚಿಹೋಗುತ್ತೆ ಅಂತ ನಮಗೆಲ್ಲ ಊಟ ಸೇರಿರಲಿಲ್ಲ ಭಾವ,” ಎಂದ ಅವನು ಬಾಗಿಲವರೆಗೆ ಬಂದು. “ಈಗ ಸಮಾಧಾನ ಆಯ್ತು.”

“ನಾನಿನ್ನೂ ಅಲ್ಲಿಗೆ ಹೋಗೇ ಇಲ್ವಲ್ಲ,” ಎಂದೆ.

“ಹೋಗ್ತಿದ್ದೀರಲ್ಲ, ಅಷ್ಟು ಸಾಕು.”

ನನ್ನ ಕೆಲಸ ಏನೆಂದು ಇವರಿಗೆ ಹೇಗೆ ಗೊತ್ತಾಯಿತು ಎಂದು ಯೋಚಿಸುತ್ತಲೇ ಕೊನೆಯ ತಿರುವಿಗೆ ಬಂದೆ. ಅಲ್ಲಿ ಚಿತ್ರಗಳಿಗೆ ಕಟ್ಟು ಹಾಕುವ ಅಂಗಡಿ. ಕಟ್ಟಿನವನಿಂದ ಒಂದು ಗೋಡೆಯ ಕೊಕ್ಕೆ ಕೊಂಡೆ. ಅವನು ಚೀಲ ನೋಡಿ, “ಹಗ್ಗದ ಅಜ್ಜನ ಹತ್ರ ಇನ್ನೂ ಹೋಗಿಲ್ವಾ ಭಾವ?” ಎಂದು ಎದುರಿಗೆ ಬೆರಳು ತೋರಿಸಿದ.

ಎದುರಿಗೆ ಕೋಟೆಯ ಗೋಡೆಗೆ ಅಂಟಿಕೊಂಡು ಕಲ್ಲಿನ ಮೆಟ್ಟಿಲುಗಳು. ಅದರ ತುದಿಯಲ್ಲಿ ಬುರುಜಿನ ಕೋಣೆ, ಬಾಗಿಲಲ್ಲಿ ಹಗ್ಗದ ಸುರುಳಿಗಳು. ಮೆಟ್ಟಿಲಿಗೆ ಕೈಕಂಬಿಯಿಲ್ಲ. ನಾನು ದಾಟಿ ಹೋಗಿ ಮೊದಲನೆಯ ಮೆಟ್ಟಿಲಿಗೆ ಒಳ್ಳೆಯ ಕಾಲಿಟ್ಟು, ಇನ್ನೊಂದನ್ನು ಎಳೆದುಕೊಂಡೆ. ಮೊಣಕಾಲಿನೊಳಗೆ ಯಾರೋ ಸ್ಪ್ಯಾನರ್ ತಿರುಗಿಸಿದ ಹಾಗಾಯಿತು. ಕಣ್ಣಿಗೆ ಕತ್ತಲೆ ಬಂತು. ಇಲ್ಲಿ ಬಿದ್ದೆನೋ, ಅವಳು ಹೇಳಿದ್ದೇ ಸರಿ ಎಂದು ನಾನೇ ರುಜು ಹಾಕಿಕೊಟ್ಟ ಹಾಗೆ. ಮೆಲ್ಲಗೆ ಇಳಿದು ವಾಪಸ್ ಬಂದೆ.

ಕಟ್ಟಿನವನ ಮುಖ ಸಣ್ಣದಾಯಿತು. “ಬಿಡಿ ಭಾವ. ಕಾಲು ಮುಖ್ಯ,” ಎಂದ. ಒಂದು ತುಂಡು ಹಗ್ಗಕ್ಕೆ ಇವನು ಯಾಕೆ ಇಷ್ಟು ಬೇಜಾರು ಮಾಡಿಕೊಳ್ಳುತ್ತಾನೆ ಎಂದು ನನಗೆ ತಿಳಿಯಲಿಲ್ಲ.

ಬಾವಿ ಚೌಕ ಚಿಕ್ಕದು. ಮಧ್ಯೆ ಮುಚ್ಚಿದ ಬಾವಿ, ಅದರ ಕಟ್ಟೆಯ ಮೇಲೆ ಬೆಕ್ಕೊಂದು ಬಿಸಿಲು ಕಾಯಿಸುತ್ತಿತ್ತು. ಗುಂಡಿ ಅಂಗಡಿ ಮೂಲೆಯಲ್ಲಿ. ಒಳಗೆ ಕಾಲಿಟ್ಟಾಗ ನೆಲದಿಂದ ಸೂರಿನವರೆಗೆ ಸಣ್ಣ ಸಣ್ಣ ಮರದ ಡ್ರಾಯರುಗಳು, ಪ್ರತಿಯೊಂದರ ಮುಖದ ಮೇಲೆ ಒಳಗಿರುವ ಗುಂಡಿಯದೇ ಒಂದು ಮಾದರಿ ಅಂಟಿಸಿದ್ದು. ಇಡೀ ಗೋಡೆ ನನ್ನನ್ನೇ ನೋಡಿದ ಹಾಗಿತ್ತು. ನನ್ನವಳು ಏಣಿಯ ಪಕ್ಕ ನಿಂತು ಒಂದು ಡ್ರಾಯರನ್ನು ಚೀಲಕ್ಕೆ ಸುರಿಯಲು ಎತ್ತಿ ಹಿಡಿದಿದ್ದಳು. ಅವಳ ಕಾಲ ಬಳಿ ತುಂಬಿದ ಚೀಲಗಳು ಆಗಲೇ ಇದ್ದವು. ದೊಡ್ಡಮ್ಮ ದಪ್ಪ ಕನ್ನಡಕ ಹಾಕಿಕೊಂಡು ಕೌಂಟರಿನ ಹಿಂದೆ ಕೂತಿದ್ದರು.

“ಏನ್ರೀ ಇದು? ಇಲ್ಲಿಗೆ ಹೇಗೆ ಬಂದ್ರಿ?” ಎಂದಳು ಅವಳು. ಡ್ರಾಯರು ಅವಳ ಕೈಯಲ್ಲೇ ನಿಂತಿತ್ತು.

“ನಡ್ಕೊಂಡು ಬಂದೆ. ಕೋಟೆ ಬಾಗಿಲಿಂದ ಇಲ್ಲಿವರೆಗೆ.”

ದೊಡ್ಡಮ್ಮ ಸದ್ದು ಬಂದ ಕಡೆ ಮುಖ ತಿರುಗಿಸಿ, “ಬಾಗಿಲಿಂದಾನಾ? ಚೀಲ ಕೊಡಪ್ಪ,” ಎಂದರು. ಕೊಟ್ಟೆ. ಅವರು ಒಂದೊಂದನ್ನೇ ತೆಗೆದು, ಬೆರಳಲ್ಲಿ ಸವರಿ, ಕೌಂಟರಿನ ಮೇಲೆ ಸಾಲಾಗಿ ಇಟ್ಟರು. ಬಳೆ, ಬ್ರಷ್, ಮೇಣದಬತ್ತಿ, ಬೀಜದ ಪೊಟ್ಟಣ, ಕೊಡೆಯ ಹಿಡಿ, ರಿಬ್ಬನ್, ಕೊಕ್ಕೆ. ಚೀಲದ ತಳದವರೆಗೆ ಕೈಯಾಡಿಸಿದರು.

“ಹಗ್ಗ ಎಲ್ಲಿ?”

“ಮೆಟ್ಟಿಲು ಹತ್ತೋಕೆ ಆಗಲಿಲ್ಲ,” ಎಂದೆ. “ಆದರೆ ಹಗ್ಗ ಯಾಕೆ ಬೇಕು?”

ಆಗ ಹೊರಬಿತ್ತು ವಿಷಯ. ಈ ಬೀದಿಯಲ್ಲಿ ಒಂದು ಅಂಗಡಿ ಕೈ ಬದಲಾಗುವಾಗ, ಹೊಸದಾಗಿ ತೆಗೆದುಕೊಳ್ಳುವವರು ಅಥವಾ ಅವರ ಮನೆಯವರು ಕೋಟೆಯ ಬಾಗಿಲಿನಿಂದ ಶುರು ಮಾಡಿ, ಒಂದನ್ನೂ ಬಿಡದೆ ಎಲ್ಲ ಅಂಗಡಿಗೂ ಹೋಗಿ ಕೂತು, ಒಂದೊಂದು ವಸ್ತು ಕೊಳ್ಳಬೇಕು. ಅವನ್ನು ತಮ್ಮ ಅಂಗಡಿಯ ಗೂಡಿನಲ್ಲಿ ಇಡಬೇಕು. ಮುಂದೆ ಯಾರಾದರೂ ಬಂದು ತಮ್ಮಲ್ಲಿಲ್ಲದ್ದನ್ನು ಕೇಳಿದರೆ, ಬರೀ ಇಲ್ಲ ಎನ್ನದೆ ಎಲ್ಲಿ ಸಿಗುತ್ತದೆ ಎಂದು ಕೈ ಹಿಡಿದು ತೋರಿಸಲು. ಅದಕ್ಕೆ ಸುತ್ತು ಎನ್ನುತ್ತಾರೆ. ಸುತ್ತು ಮುಗಿಯಿತೆಂದರೆ ಅಂಗಡಿ ಅವರದು, ಬೀದಿ ಒಪ್ಪಿತು.

ನಾನು ಟಿಕೆಟ್ ಎಂದುಕೊಂಡು ಕೊಂಡದ್ದೆಲ್ಲ ಇದಕ್ಕೆ ಜಮೆಯಾಗಿತ್ತು.

“ಇವರಿಗೆ ಇದೆಲ್ಲ ಗೊತ್ತೇ ಇಲ್ಲ ದೊಡ್ಡಮ್ಮ,” ಎಂದಳು ನನ್ನವಳು. “ನಾನು ಮನೇಲಿ ಯಾವತ್ತೂ ಹೇಳಿಲ್ಲ.”

ಗೊತ್ತಿತ್ತು ಎಂದುಬಿಡಲೇ ಎಂದು ನಾಲಿಗೆಯ ತುದಿಗೆ ಬಂದಿತ್ತು. ಒಂದು ಮಾತು ಅಷ್ಟೇ, ಕೆಲಸ ಮುಗಿದುಹೋಗುತ್ತಿತ್ತು. ಆದರೆ ಸುಳ್ಳು ಹೇಳಿ ಅವಳ ತಲೆಗೆ ಅಂಗಡಿ ಕಟ್ಟಿದರೆ, ನನ್ನ ಕಾಲಿನ ನೆಪ ಹೇಳಿ ಅವಳು ಅಂಗಡಿ ಬಿಟ್ಟದ್ದಕ್ಕಿಂತ ಅದೇನು ಮೇಲು?

“ಗೊತ್ತಿರಲಿಲ್ಲ,” ಎಂದೆ. “ಕಾಲು ನೋವಿಗೆ ಕೂತೆ, ಕೂತಿದ್ದಕ್ಕೆ ಕೊಂಡೆ. ನಾನು ಬಂದಿದ್ದು ಬೇರೆ ಮಾತು ಹೇಳೋಕೆ. ಈ ಕಾಲಿನ ಹೆಸರು ಹೇಳ್ಕೊಂಡು ಇವಳು ಅಂಗಡಿ ಬಿಡ್ತಿದ್ದಾಳೆ ದೊಡ್ಡಮ್ಮ. ಆ ಕಾಲು ಇಲ್ಲಿವರೆಗೆ ನಡ್ಕೊಂಡು ಬಂದಿದೆ. ಇವಳು ಬೇಡ ಅನ್ನೋದಾದ್ರೆ ಅನ್ನಲಿ, ನನ್ನ ಕಾಲನ್ನ ಮಾತ್ರ ಮಧ್ಯೆ ಎಳೀಬಾರದು.”

ಅವಳು ಡ್ರಾಯರನ್ನು ಕೌಂಟರಿನ ಮೇಲೆ ಇಟ್ಟಳು.

“ನಿಮ್ಮ ಕಾಲಲ್ಲ ರೀ,” ಎಂದಳು. “ನನಗೆ ಭಯ. ಇಷ್ಟು ವರ್ಷ ಏನು ತಪ್ಪಾದ್ರೂ ದೊಡ್ಡಮ್ಮ ಇದ್ರು. ನಾಳೆಯಿಂದ ನಾನೇ ಎಲ್ಲ. ಅಂಗಡಿ ನನ್ನ ಕೈಯಲ್ಲಿ ಮುಳುಗಿಹೋದ್ರೆ ಈ ಬೀದೀಲಿ ಹೇಗೆ ಮುಖ ತೋರಿಸ್ಲಿ? ಭಯ ಅಂದ್ರೆ ಎಲ್ಲರೂ ಧೈರ್ಯ ಹೇಳೋಕೆ ಬರ್ತಾರೆ. ಗಂಡನ ಕಾಲು ಸರಿ ಇಲ್ಲ ಅಂದ್ರೆ ಯಾರೂ ಎರಡು ಮಾತಾಡಲ್ಲ.”

ಇಷ್ಟು ವರ್ಷದ ಸಂಸಾರದಲ್ಲಿ ಅವಳು ‘ನನಗೆ ಭಯ’ ಎಂದದ್ದನ್ನು ನಾನು ಕೇಳಿರಲಿಲ್ಲ. ಸಿಟ್ಟೆಲ್ಲ ಎಲ್ಲಿ ಇಳಿದುಹೋಯಿತೋ. ಹತ್ತಿರ ಹೋಗಿ ಅವಳ ಕೈ ಹಿಡಿದುಕೊಳ್ಳಬೇಕು ಎನ್ನಿಸಿತು, ದೊಡ್ಡಮ್ಮ ಇದ್ದಾರಲ್ಲ ಎಂದು ನಾಚಿಕೆಯಾಯಿತು. ಆಮೇಲೆ ಹೇಗೂ ಅವರಿಗೆ ಕಣ್ಣು ಕಾಣಿಸುವುದಿಲ್ಲ ಎಂದು ನೆನಪಾಗಿ ಹಿಡಿದುಕೊಂಡೆ. ಕೈ ತಣ್ಣಗಿತ್ತು.

“ಭಯ ಇದ್ರೆ ಇರ್ಲಿ ಬಿಡು,” ಎಂದೆ. “ನಾನು ಇಳಿಜಾರಲ್ಲಿ ಬಸ್ಸು ಬಿಡುವಾಗ ರಿಟೈರ್ ಆಗೋ ದಿನದವರೆಗೂ ಹೆದರ್ತಿದ್ದೆ. ಯಾರಿಗೂ ಹೇಳ್ತಿರಲಿಲ್ಲ, ಅಷ್ಟೇ.”

“ನನಗೂ ಹೇಳಲಿಲ್ಲ.”

“ಈಗ ಹೇಳಿದ್ನಲ್ಲ.”

ದೊಡ್ಡಮ್ಮ ಗಂಟಲು ಸರಿ ಮಾಡಿಕೊಂಡರು. “ನೋಡಮ್ಮ, ಹಗ್ಗ ಇಲ್ಲದೆ ಸುತ್ತು ಪೂರ್ತಿ ಆಗಲ್ಲ. ಈಗಲೂ ನೀನು ಬೇಡ ಅಂದ್ರೆ ಬೀದೀಲಿ ಯಾರೂ ಒಂದು ಮಾತೂ ಅನ್ನಲ್ಲ. ನಾನೂ ಅನ್ನಲ್ಲ. ಆ ಹೋಲ್‌ಸೇಲ್‌ನವನು ಬರೋ ಹೊತ್ತಾಯ್ತು. ನಿನಗೆ ಹೇಗೆ ಬೇಕೋ ಹಾಗೆ.”

ನನ್ನವಳು ಕೌಂಟರಿನ ಮೇಲಿದ್ದ ವಸ್ತುಗಳನ್ನು ನೋಡಿದಳು. ಕೊಡೆಯ ಹಿಡಿಯನ್ನು ಎತ್ತಿ ನೋಡಿದಾಗ ಅವಳ ತುಟಿಯಂಚಿನಲ್ಲಿ ನಗು ಬಂದು ಹೋಯಿತು. ಆಮೇಲೆ ನನ್ನ ಕಡೆ ತಿರುಗಿದಳು.

“ಆ ಮೆಟ್ಟಿಲು ಹತ್ತೋಕೆ ಹೋಗಿದ್ರಾ?”

“ಒಂದು ಹತ್ತಿದೆ.”

“ಬುದ್ಧಿ ಇದೆಯಾ ನಿಮಗೆ? ಕೈಕಂಬಿ ಇಲ್ಲ, ಕಲ್ಲು ಜಾರುತ್ತೆ. ಬಿದ್ದಿದ್ರೆ?”

“ಬೀಳಲಿಲ್ಲವಲ್ಲ.”

ಅವಳು ಸುರಿಯಬೇಕೆಂದಿದ್ದ ಡ್ರಾಯರನ್ನು ಎತ್ತಿಕೊಂಡು ಹೋಗಿ ಅದರ ಜಾಗದಲ್ಲಿಟ್ಟು ತಳ್ಳಿದಳು. ಅದು ಅರ್ಧಕ್ಕೆ ಸಿಕ್ಕಿಕೊಂಡಿತು. ಅಂಗೈಯಿಂದ ಒಂದು ಪೆಟ್ಟು ಕೊಟ್ಟಳು, ಸರಿಯಾಗಿ ಕೂತಿತು. ಕೌಂಟರಿನ ಹಿಂದಿನ ಸ್ಟೂಲನ್ನು ನನಗೆ ತೋರಿಸಿ, “ಇಲ್ಲಿ ಕೂತಿರಿ. ಏಳಬೇಡಿ,” ಎಂದು ಹೇಳಿ, ಪರ್ಸು ತೆಗೆದುಕೊಂಡು ಹೊರಗೆ ಹೋದಳು. ಬೆಕ್ಕನ್ನು ದಾಟಿ, ಚೌಕವನ್ನು ದಾಟಿ, ಬೀದಿಗೆ ಇಳಿದಳು. ಅವಳು ಇಷ್ಟು ಬೇಗ ಬೇಗ ನಡೆಯುತ್ತಾಳೆ ಎಂದು ನನಗೆ ಗೊತ್ತಿರಲಿಲ್ಲ. ಬಸ್ಸಿನ ಸೀಟಿನಿಂದ ನಾನು ಕಂಡದ್ದು ಅವಳು ನಿಂತು ಕಾಯುವುದನ್ನು ಮಾತ್ರ.

ನಾನು ಸ್ಟೂಲಿನ ಮೇಲೆ ಕೂತೆ. ಕಾಲು ಚಾಚಿದೆ. ದೊಡ್ಡಮ್ಮ ಬಾಗಿಲ ಕಡೆ ಕಿವಿಯಿಟ್ಟು ಕೂತಿದ್ದರು.

ಸ್ವಲ್ಪ ಹೊತ್ತಿಗೆ ಬಾಗಿಲಲ್ಲಿ ನೆರಳು ಬಿತ್ತು. ಅವಳಲ್ಲ. ಒಬ್ಬ ಯುವಕ, ಕೈಯಲ್ಲಿ ತಕ್ಕಡಿ, ಹೆಗಲ ಮೇಲೆ ಖಾಲಿ ಚೀಲಗಳು.

“ಗುಂಡಿ ತೂಕಕ್ಕೆ ಕೊಡೋದು ಇಲ್ಲೇ ಅಲ್ವಾ?” ಎಂದ.

ನಾನು ದೊಡ್ಡಮ್ಮನ ಕಡೆ ನೋಡಿದೆ. ಅವರು ಕನ್ನಡಕ ತೆಗೆದು ಕರವಸ್ತ್ರದಲ್ಲಿ ಒರೆಸತೊಡಗಿದರು, ಇದು ತಮಗೆ ಸಂಬಂಧಿಸಿದ ವಿಷಯವೇ ಅಲ್ಲ ಎನ್ನುವ ಹಾಗೆ.

“ಇಲ್ಲಿ ತೂಕಕ್ಕೆ ಕೊಡಲ್ಲ,” ಎಂದೆ. “ಒಂದೊಂದಾಗಿ ಮಾರೋದು.”

“ನಿನ್ನೆ ಕೊಡ್ತೀವಿ ಅಂದಿದ್ರಲ್ಲ. ನೀವು ಓನರ್ರಾ?”

“ಅಲ್ಲ,” ಎಂದೆ. “ನಾನು ಓನರ್ ಗಂಡ. ಅವರು ಹಗ್ಗ ತರೋಕೆ ಹೋಗಿದ್ದಾರೆ. ಕೂತ್ಕೊಳ್ಳಿ, ಈಗ ಬರ್ತಾರೆ.”